ಗಿರಾಕಿ ಬೈದು ಹೋದ ಮೇಲೂ ಮಾತು ತಲೆಯಲ್ಲೇ ಉಳಿಯುತ್ತದೆ, ಏನು ಮಾಡಲಿ?

ಪ್ರಶ್ನೆ: ನಾನು ದೊಡ್ಡ ಬಟ್ಟೆ ಅಂಗಡಿಯೊಂದರ ಬಿಲ್ಲಿಂಗ್ ಕೌಂಟರ್‌ನಲ್ಲಿ ಕೆಲಸ ಮಾಡುತ್ತೇನೆ. ಕೆಲಸ ಕಷ್ಟ ಇಲ್ಲ, ಜನರನ್ನು ಸಹಿಸುವುದೇ ಕಷ್ಟ. ಫೋನಿನಲ್ಲಿ ಮಾತಾಡುತ್ತಲೇ ಬಂದು ಬಟ್ಟೆ ಕುಕ್ಕಿ ಬೆರಳಲ್ಲಿ ಸನ್ನೆ ಮಾಡುವವರು, ದುಡ್ಡನ್ನು ಕೈಗೆ ಕೊಡದೆ ಟೇಬಲ್ ಮೇಲೆ ಬಿಸಾಡುವವರು, ಹಾಕಿ ಒಗೆದ ಬಟ್ಟೆ ತಂದು ವಾಪಸ್ ತಗೊಳ್ಳಿ ಎಂದು ಕೂಗಾಡುವವರು. ನಾನು ಆಗಲ್ಲ ಅಂದರೆ ಮ್ಯಾನೇಜರ್ ಬಂದು ಆಯ್ತು ಅನ್ನುತ್ತಾರೆ. ಏನೇ ಆದರೂ ನಗುತ್ತಲೇ ಇರಬೇಕು ಅನ್ನುವುದು ನಮ್ಮಲ್ಲಿ ನಿಯಮ. ಮನೆಗೆ ಹೋದ ಮೇಲೂ ಅದೇ ಮಾತು ತಲೆಯಲ್ಲಿ ಸುತ್ತುತ್ತಿರುತ್ತದೆ, ಮನೆಯವರ ಮೇಲೆ ರೇಗುತ್ತೇನೆ. ನನ್ನ ಮನಸ್ಸೇ ಜಾಸ್ತಿ ಮೆತ್ತಗಾ? ಕೆಲಸ ಬಿಡಬೇಕಾ?

ಉತ್ತರ: ನಿಮ್ಮ ಮನಸ್ಸು ಮೆತ್ತಗಿಲ್ಲ. ಅದನ್ನು ಮೊದಲು ತಲೆಯಿಂದ ತೆಗೆದುಹಾಕಿ. ಅಂಗಡಿ, ಕಾಲ್ ಸೆಂಟರ್, ಡೆಲಿವರಿ, ಹೋಟೆಲ್, ಆಸ್ಪತ್ರೆ ರಿಸೆಪ್ಷನ್ ಹೀಗೆ ಜನರ ಎದುರು ನಿಂತು ದುಡಿಯುವವರ ಜೊತೆಗೇ ನನ್ನ ಕೆಲಸ. ಅವರಿಗೆ ತರಬೇತಿ ಕೊಡುತ್ತೇನೆ, ಅದಕ್ಕಿಂತ ಜಾಸ್ತಿ ಅವರ ಮಾತು ಕೇಳುತ್ತೇನೆ. ಗಟ್ಟಿ ಎನ್ನಿಸಿಕೊಂಡವರೂ ಇದೇ ಪ್ರಶ್ನೆ ಕೇಳುತ್ತಾರೆ, ಸ್ವಲ್ಪ ದನಿ ತಗ್ಗಿಸಿ ಕೇಳುತ್ತಾರೆ ಅಷ್ಟೇ. ಬೈಗುಳ ನಾಟುವುದು ಬಲಹೀನತೆಯಿಂದಲ್ಲ, ಮನುಷ್ಯರ ತಲೆ ಕೆಲಸ ಮಾಡುವುದೇ ಹಾಗೆ.

ಇದಕ್ಕೆ ಒಳ್ಳೆಯ ಪುರಾವೆಯೂ ಇದೆ. ಇಸ್ರೇಲಿನ ಸಂಶೋಧಕಿ ಅನಾತ್ ರಾಫೇಲಿ ಮತ್ತು ಅವರ ಜೊತೆಗಾರರು 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೂಗಾಡುವ ಗಿರಾಕಿಯ ಮಾತು ಕೇಳಿದವರಿಗೆ, ಅದೇ ಬೇಡಿಕೆಯನ್ನು ಸಮಾಧಾನದ ದನಿಯಲ್ಲಿ ಕೇಳಿದವರಿಗಿಂತ ನೆನಪಿನ ಕೆಲಸ ಕಷ್ಟವಾಯಿತು, ತಪ್ಪುಗಳೂ ಹೆಚ್ಚಾದವು. 2015ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ನವಜಾತ ಶಿಶುಗಳ ತೀವ್ರ ನಿಗಾ ಘಟಕದ 24 ತಂಡಗಳನ್ನು ತರಬೇತಿಯ ಅಭ್ಯಾಸಕ್ಕೆ ಕರೆದಿದ್ದರು. ಕೆಲವು ತಂಡಗಳಿಗೆ ಹೊರಗಿನ ತಜ್ಞರೊಬ್ಬರ ಬಾಯಿಂದ ಒರಟಾದ ಟೀಕೆ ಕೇಳಿಸಿದರು. ಬೈಗುಳವೂ ಅಲ್ಲ, ಬರೀ ಹೀಯಾಳಿಕೆ. ಆ ತಂಡಗಳ ಡಾಕ್ಟರ್‌ಗಳು, ನರ್ಸ್‌ಗಳು ರೋಗ ಗುರುತಿಸುವುದರಲ್ಲೂ ಚಿಕಿತ್ಸೆಯ ಕೈಕೆಲಸದಲ್ಲೂ ಉಳಿದವರಿಗಿಂತ ಹಿಂದೆ ಬಿದ್ದರು. ವರ್ಷಗಟ್ಟಲೆ ಕಲಿತು ಬಂದವರಿಗೇ ಒಂದು ಹೀಯಾಳಿಕೆ ಹೀಗೆ ಮಾಡುತ್ತದೆ ಅಂದಮೇಲೆ, ದಿನವಿಡೀ ನಿಂತೇ ಇರುವ ನಿಮಗೆ ತಲೆ ಗಿಜಿಗುಟ್ಟಿದರೆ ಏನು ಆಶ್ಚರ್ಯ?

ಇದರಿಂದ ಕೂಡಲೇ ಕೆಲಸಕ್ಕೆ ಬರುವ ಒಂದು ಮಾತಿದೆ. ಯಾರಾದರೂ ಕೂಗಾಡಿ ಹೋದ ಮೇಲೆ ಮುಂದಿನ ಎರಡು ಮೂರು ಬಿಲ್‌ಗಳಲ್ಲೇ ತಪ್ಪಾಗುವ ಸಂಭವ ಜಾಸ್ತಿ. ಆಗ ಚಿಲ್ಲರೆಯನ್ನು ಎರಡು ಸಲ ಎಣಿಸಿ. ಕಾರ್ಡ್ ಮೆಷಿನ್‌ನಲ್ಲಿ ಒತ್ತಿದ ಮೊತ್ತವನ್ನು ಬಾಯಿಬಿಟ್ಟು ಓದಿ. ಒಂದು ಗುಟುಕು ನೀರು ಕುಡಿಯಿರಿ. ಗಲ್ಲಾ ಲೆಕ್ಕದಲ್ಲಿ ಕಡಿಮೆ ಬಂದರೆ ನಿಮ್ಮ ಸಂಬಳದಲ್ಲಿ ಹಿಡಿಯುವವರಿದ್ದಾರೆ, ಕೂಗಿದವನ ಜೇಬಿಂದ ಯಾರೂ ಹಿಡಿಯುವುದಿಲ್ಲ.

ಇನ್ನು ನಿಭಾಯಿಸುವ ಮಾತಿಗೆ ಬರೋಣ. ನೀವು ಬರೆದ ಪಟ್ಟಿಯಲ್ಲಿ ಎರಡು ಬೇರೆ ಬೇರೆ ಥರದ ಜನ ಒಟ್ಟಿಗೆ ಸೇರಿಕೊಂಡಿದ್ದಾರೆ. ಒಬ್ಬರಿಗೆ ಸಿಟ್ಟು ಬಂದಿದೆ. ಇನ್ನೊಬ್ಬರಿಗೆ ನಿಮ್ಮ ಬಗ್ಗೆ ತಾತ್ಸಾರ ಇದೆ. ಹೊರಗಿನಿಂದ ಇಬ್ಬರೂ ಒರಟರೇ. ಆದರೆ ಸಿಟ್ಟು ಬಂದವರಿಗೆ ಏನೋ ಒಂದು ತೊಂದರೆ ಆಗಿದೆ, ಅದು ಪರಿಹಾರವಾದರೆ ಅಥವಾ ಯಾರೋ ಗಮನ ಕೊಟ್ಟರು ಅನ್ನಿಸಿದರೆ ಸಾಕು, ದನಿ ಇಳಿಯುತ್ತದೆ. ತಾತ್ಸಾರದವರಿಗೆ ತೊಂದರೆ ಏನೂ ಇಲ್ಲ. ಕೌಂಟರ್ ಹಿಂದೆ ಇರುವುದು ಒಬ್ಬ ಮನುಷ್ಯ ಅನ್ನುವುದೇ ಅವರ ಲೆಕ್ಕದಲ್ಲಿ ಇರುವುದಿಲ್ಲ. ಸಿಟ್ಟಿನವರಿಗೆ ನಿಮ್ಮ ಜಾಣತನ ಖರ್ಚು ಮಾಡಿ, ಫಲ ಸಿಗುತ್ತದೆ. ತಾತ್ಸಾರದವರಿಗೆ ಖರ್ಚು ಮಾಡಬೇಡಿ. ಅವರ ಬಿಲ್ ಬೇಗ ಮುಗಿಸಿ ಕಳಿಸಿ. ತುಂಬ ಜನ ಇದನ್ನು ತಿರುವುಮುರುವು ಮಾಡುತ್ತಾರೆ. ಸಿಟ್ಟಾದವರನ್ನು ಕಂಡರೆ ಮುಖ ಬಿಗಿ ಮಾಡಿಕೊಳ್ಳುತ್ತಾರೆ, ತಾತ್ಸಾರ ಮಾಡುವವರ ಮೆಚ್ಚುಗೆ ಗಳಿಸಲು ಹೆಣಗುತ್ತಾರೆ.

ಸಿಟ್ಟಿನವರ ಉದಾಹರಣೆಯನ್ನೇ ತೆಗೆದುಕೊಳ್ಳಿ. ಒಬ್ಬರು ಅಂಗಿ ತಂದಿದ್ದಾರೆ. ಕಾಲರ್ ಒಳಗೆ ಬೆವರಿನ ಗೆರೆ ಇದೆ, ಟ್ಯಾಗ್ ಇಲ್ಲ, ಬಿಲ್ ಮಡಚಿ ಮಡಚಿ ಅಕ್ಷರ ಅಳಿಸಿದೆ. ಅವರಿಗೂ ಗೊತ್ತು ಇದು ನಡೆಯುವುದಿಲ್ಲ ಎಂದು. ಅದಕ್ಕೇ ಬರುವಾಗಲೇ ದನಿ ಏರಿಸಿಕೊಂಡು ಬಂದಿರುತ್ತಾರೆ. ಇಲ್ಲಿ ನೀವು ಮೊದಲ ಮಾತಿಗೇ ‘ಆಗಲ್ಲ, ರೂಲ್ಸ್ ಇಲ್ಲ’ ಅಂದರೆ ಅವರು ಅಂಗಿ ಮರೆತು ನಿಮ್ಮ ಜೊತೆ ಜಗಳಕ್ಕೆ ನಿಲ್ಲುತ್ತಾರೆ. ಅದರ ಬದಲು ಅಂಗಿಯನ್ನು ಕೈಗೆ ತೆಗೆದುಕೊಳ್ಳಿ. ಬಿಚ್ಚಿ ನೋಡಿ. ಹೊಲಿಗೆ ಎಲ್ಲಿ ಬಿಟ್ಟಿದೆ, ಬಣ್ಣ ಹೋಗಿದೆಯಾ, ಏನಾಯ್ತು ಅಂತ ಕೇಳಿ. ಅವರು ಹೇಳುವುದನ್ನು ಪೂರ್ತಿ ಹೇಳಲು ಬಿಡಿ, ಮಧ್ಯೆ ಬಾಯಿ ಹಾಕಬೇಡಿ. ಆಮೇಲೆ ಅವರು ಹೇಳಿದ್ದನ್ನೇ ಒಂದು ಸಾಲಿನಲ್ಲಿ ತಿರುಗಿ ಹೇಳಿ: ‘ಎರಡನೇ ಸಲ ಒಗೆದಾಗ ಬಣ್ಣ ಬಿಟ್ಟಿತು ಅಂತೀರಿ, ಅಲ್ವಾ?’ ಅಷ್ಟಾದ ಮೇಲೆ ನಿಮ್ಮಿಂದ ಏನು ಆಗುತ್ತದೆ ಅದನ್ನು ಮೊದಲು ಹೇಳಿ, ಆಗದ್ದನ್ನು ಆಮೇಲೆ. ‘ಡ್ಯಾಮೇಜ್ ಅಂತ ಬರೆದು ಮೇಲಿನವರಿಗೆ ಕಳಿಸಬಹುದು, ನಾಳೆ ಸಂಜೆ ಒಳಗೆ ಫೋನ್ ಬರುತ್ತೆ. ಈಗಲೇ ದುಡ್ಡು ವಾಪಸ್ ಕೊಡೋಕೆ ನನಗೆ ಅಧಿಕಾರ ಇಲ್ಲ.’ ಇದರಿಂದ ಎಲ್ಲರೂ ತಣ್ಣಗಾಗುತ್ತಾರೆ ಅಂತಲ್ಲ. ಆದರೆ ಜಗಳ ಅಂಗಿಯ ಬಗ್ಗೆಯೇ ಉಳಿಯುತ್ತದೆ, ನಿಮ್ಮ ಕಡೆ ತಿರುಗುವುದು ಕಡಿಮೆ. ಸುಮ್ನೆ ‘ಸಾರಿ ಸಾರ್, ಸಾರಿ ಸಾರ್’ ಅನ್ನುತ್ತಾ ಹೋಗುವುದಕ್ಕಿಂತ ಇದು ಎಷ್ಟೋ ಮೇಲು. ಬರೀ ಸಾರಿ ಕೇಳಿದಷ್ಟೂ ‘ಹಾಗಾದ್ರೆ ತಪ್ಪು ನಿಮ್ಮದೇ’ ಅನ್ನುವುದಕ್ಕೆ ದಾರಿ ಮಾಡಿಕೊಟ್ಟಂತೆ.

ಕ್ಯೂನಲ್ಲಿ ಹುಟ್ಟುವ ಸಿಟ್ಟನ್ನು ನಿಭಾಯಿಸುವುದು ಇನ್ನೂ ಸುಲಭ. ಕಾಯುವವರ ಮನಸ್ಸಿನ ಬಗ್ಗೆ ಡೇವಿಡ್ ಮೈಸ್ಟರ್ ಎನ್ನುವವರು 1985ರಲ್ಲಿ ಬರೆದದ್ದು ಇವತ್ತಿಗೂ ಈ ವೃತ್ತಿಯಲ್ಲಿ ಕಲಿಸುವ ಪಾಠ. ಎಷ್ಟು ಹೊತ್ತು ಅಂತ ಗೊತ್ತಿಲ್ಲದ ಕಾಯುವಿಕೆ ಗೊತ್ತಿರುವುದಕ್ಕಿಂತ ಉದ್ದ ಅನ್ನಿಸುತ್ತದೆ. ಕಾರಣ ಗೊತ್ತಿಲ್ಲದಿದ್ದರೂ ಅಷ್ಟೇ, ತನಗಿಂತ ಹಿಂದೆ ಬಂದವರು ಮುಂದೆ ಹೋದರಂತೂ ಕೇಳುವುದೇ ಬೇಡ. ಬಿಲ್ ಮೆಷಿನ್ ಕೈಕೊಟ್ಟಾಗ ನೀವು ತಲೆ ತಗ್ಗಿಸಿ ಬಟನ್ ಒತ್ತುತ್ತಾ ನಿಂತರೆ, ಕ್ಯೂನಲ್ಲಿ ಇರುವವರಿಗೆ ನೀವು ನಿಧಾನ ಮಾಡುತ್ತಿದ್ದೀರಿ ಅಂತಲೇ ಕಾಣುತ್ತದೆ. ತಲೆ ಎತ್ತಿ, ಮೂರನೆಯವರಿಗೂ ಕೇಳುವಂತೆ, ‘ಮೆಷಿನ್ ಮತ್ತೆ ಸ್ಟಾರ್ಟ್ ಆಗ್ತಿದೆ, ಐದು ನಿಮಿಷ ಬೇಕು, ಅರ್ಜೆಂಟ್ ಇದ್ದವರು ಪಕ್ಕದ ಕೌಂಟರ್‌ಗೆ ಹೋಗಬಹುದು’ ಅನ್ನಿ. ಸಮಯವನ್ನು ಸ್ವಲ್ಪ ಜಾಸ್ತಿಯೇ ಹೇಳಿ. ಐದು ಅಂದು ಮೂರಕ್ಕೆ ಮುಗಿದರೆ ಖುಷಿ, ಎರಡು ಅಂದು ಐದಾದರೆ ನಿಮಗೇ ಬೈಗುಳ.

ಈಗ ತಾತ್ಸಾರದವರು. ಕಿವಿಗೆ ಫೋನ್, ಕಣ್ಣು ಬೇರೆ ಕಡೆ, ಕಾರ್ಡ್ ಟೇಬಲ್ ಮೇಲೆ ಜಾರಿಸಿ ಬಿಡುತ್ತಾರೆ. ‘ಕವರ್ ಬೇಕಾ?’ ಎಂದು ನೀವು ಎರಡು ಸಲ ಕೇಳಿದ ಮೇಲೆ, ತಾವೇನೋ ದೊಡ್ಡ ಮೀಟಿಂಗ್‌ನಲ್ಲಿ ಇದ್ದೇವೆ ಎಂಬಂತೆ ಕೈ ಬೀಸುತ್ತಾರೆ. ಆಮೇಲೆ ಕವರ್ ಯಾಕೆ ಕೊಟ್ಟಿಲ್ಲ ಅಂತ ಕೇಳುವವರೂ ಅವರೇ. ಇಂಥವರನ್ನು ಸುಮ್ಮನೆ ಕಾಯಿರಿ. ಒರಟಾಗಿ ಅಲ್ಲ, ಉತ್ತರ ಬೇಕಾದ ಪ್ರಶ್ನೆ ಕೇಳಿದವರು ಹೇಗೆ ಕಾಯುತ್ತಾರೋ ಹಾಗೆ. ಕೈ ಕೆಲಸ ನಿಲ್ಲಿಸಿ ಅವರ ಮುಖ ನೋಡಿ. ಹೆಚ್ಚಿನವರು ಎರಡು ಮೂರು ಸೆಕೆಂಡಿನಲ್ಲಿ ಫೋನ್ ಇಳಿಸುತ್ತಾರೆ. ಇಳಿಸದವರಿಗೆ ಕೇಳಬೇಕಾದ್ದನ್ನು ಒಮ್ಮೆ ಸ್ಪಷ್ಟವಾಗಿ ಕೇಳಿ ಬಿಲ್ ಮಾಡಿ. ದುಡ್ಡು ಎಸೆದರೆ ನಿಧಾನವಾಗಿ ಒಟ್ಟು ಮಾಡಿ, ಎಣಿಸಿ, ಚಿಲ್ಲರೆಯನ್ನು ಅವರ ಕೈಗೇ ಕೊಡಿ. ನೀವೂ ಎಸೆದರೆ ಅಲ್ಲಿಂದಾಚೆ ಮಾತೆಲ್ಲ ನಿಮ್ಮ ನಡತೆಯ ಬಗ್ಗೆಯೇ ಆಗುತ್ತದೆ, ಕ್ಯಾಮೆರಾದಲ್ಲಿ ಕಾಣುವುದೂ ಅದೇ.

‘ನಾನು ಯಾರು ಗೊತ್ತಾ’, ‘ನಿನ್ನ ಸಂಬಳ ಬರೋದು ನಮ್ಮ ದುಡ್ಡಿಂದ’, ‘ಒಂದು ಸ್ಟಾರ್ ಕೊಟ್ಟರೆ ನಿನ್ನ ಕೆಲಸ ಹೋಗುತ್ತೆ’. ಇವೆಲ್ಲ ಪಾಠ ಒಪ್ಪಿಸಿದ ಹಾಗೆ ಬರುವ ಮಾತುಗಳು. ಇವುಗಳಿಗೆ ಉತ್ತರ ಕೊಡಬೇಡಿ. ಒಳ್ಳೆಯ ಉತ್ತರ ನಿಮಗೆ ತೋಚುತ್ತದೆ, ನನಗೆ ಗೊತ್ತು, ಮನೆಗೆ ಹೋಗುವ ದಾರಿಯಲ್ಲಂತೂ ಹತ್ತು ತೋಚುತ್ತವೆ. ಆದರೆ ಉತ್ತರ ಕೊಟ್ಟರೆ ವಿಷಯ ಬದಲಾಗುತ್ತದೆ. ಕೈಯಲ್ಲಿರುವ ಕೆಲಸದ ಬಗ್ಗೆ ಮಾತ್ರ ಮಾತಾಡಿ: ‘ಬಿಲ್ ಈ ಹೆಸರಿಗೇ ಮಾಡ್ಲಾ?’

ಆದರೆ ಒಂದು ಗೆರೆ ಇದೆ. ಕೆಟ್ಟ ಬೈಗುಳ, ಜಾತಿ, ಮೈಬಣ್ಣ, ಹೆಣ್ಣು ಅನ್ನುವ ಕಾರಣಕ್ಕೆ ಆಡುವ ಮಾತು, ಮುಟ್ಟುವುದು, ಹೊಡೆಯುತ್ತೇನೆ ಎಂದು ಹೆದರಿಸುವುದು, ಕೇಳದೆ ವಿಡಿಯೋ ಮಾಡಿ ಹಂಗಿಸುವುದು. ಇವು ಒರಟುತನದ ಲೆಕ್ಕಕ್ಕೆ ಬರುವುದಿಲ್ಲ, ಇದು ಕಿರುಕುಳ. ಇಲ್ಲಿ ನಿಭಾಯಿಸುವ ಕಲೆ ಬೇಡ, ನಿಲ್ಲಿಸುವ ಮಾತು ಬೇಕು. ಆ ಮಾತನ್ನು ಮೊದಲೇ ಬಾಯಿಪಾಠ ಮಾಡಿಟ್ಟುಕೊಳ್ಳಿ, ಯಾಕೆಂದರೆ ಆ ಹೊತ್ತಿಗೆ ಹೊಸದಾಗಿ ಏನೂ ಹೊಳೆಯುವುದಿಲ್ಲ. ‘ನಿಮ್ಮ ಕೆಲಸ ಮಾಡಿಕೊಡ್ತೀನಿ, ಆದರೆ ಹೀಗೆ ಮಾತಾಡಿದ್ರೆ ಆಗಲ್ಲ.’ ಒಂದು ಸಲ ಹೇಳಿ. ಮುಂದುವರಿದರೆ, ‘ಈಗ ನಮ್ಮ ಸೂಪರ್‌ವೈಸರ್ ಬರ್ತಾರೆ’ ಎಂದು ಹೇಳಿ ಕೌಂಟರ್‌ನಿಂದ ಎರಡು ಹೆಜ್ಜೆ ಹಿಂದೆ ಸರಿಯಿರಿ. ಫೋನ್ ಕೆಲಸದವರು ಎಚ್ಚರಿಕೆ ಕೊಟ್ಟು ಕರೆ ಕಡಿಯುವ ಹಕ್ಕನ್ನು ಕಂಪನಿಯಿಂದ ಬರಹದಲ್ಲಿ ಕೇಳಿ ಪಡೆಯಬೇಕು. ಡೆಲಿವರಿಯವರು ಒಬ್ಬರೇ ಇರುತ್ತಾರೆ, ಯಾರದೋ ಮನೆ ಬಾಗಿಲಲ್ಲಿ ಇರುತ್ತಾರೆ. ಅವರು ವಾದಕ್ಕೆ ನಿಲ್ಲಲೇಬಾರದು, ಮೊದಲು ಜಾಗ ಬಿಡಬೇಕು, ದೂರು ಆಮೇಲೆ.

ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋದ ಮಾತೊಂದಿದೆ. ನನ್ನ ಪ್ರಕಾರ ನಿಮ್ಮ ಕಾಗದದಲ್ಲಿ ಅದೇ ಮುಖ್ಯ. ನೀವು ಆಗಲ್ಲ ಅಂದಿದ್ದನ್ನು ಮ್ಯಾನೇಜರ್ ಬಂದು ಆಯ್ತು ಅನ್ನುತ್ತಾರೆ ಎಂದಿರಿ. ಆ ನಿಯಮ ಬರೆದಿದ್ದು ನೀವಲ್ಲ. ಅದನ್ನು ಪಾಲಿಸಲು ಹೇಳಿದವರು ಅವರೇ. ಪಾಲಿಸಿದ್ದಕ್ಕೆ ಬೈಗುಳ ತಿಂದಿದ್ದು ನೀವು. ಕೊನೆಗೆ ಕೂಗಾಡಿದವರ ಎದುರೇ, ಕ್ಯೂನಲ್ಲಿ ಇದ್ದವರೆಲ್ಲ ನೋಡುತ್ತಿರುವಾಗಲೇ, ನಿಮ್ಮ ಮಾತಿಗೆ ಬೆಲೆ ಇಲ್ಲ ಅಂತ ಆಯ್ತು. ಗಿರಾಕಿ ಹೊರಡುವಾಗ ನಿಮ್ಮ ಕಡೆ ಒಂದು ನೋಟ ಬೀರುತ್ತಾರಲ್ಲ, ರಾತ್ರಿ ತಲೆಯಲ್ಲಿ ಸುತ್ತುವುದು ಬಹುಶಃ ಅದೇ. ಜನರ ಒರಟುತನಕ್ಕಿಂತ ಬೆನ್ನ ಹಿಂದೆ ಯಾರೂ ಇಲ್ಲ ಅನ್ನುವುದು ಜಾಸ್ತಿ ನೋಯಿಸುತ್ತದೆ. ಎಷ್ಟೋ ಕೆಲಸಗಾರರ ಬಾಯಲ್ಲಿ ಇದೇ ಮಾತು ಕೇಳಿದ್ದೇನೆ.

ಇದರಿಂದ ಅಂಗಡಿಗೂ ನಷ್ಟವೇ. ಕೂಗಿದರೆ ಸಿಗುತ್ತದೆ ಎಂದು ಅವತ್ತು ಆ ಗಿರಾಕಿ ಕಲಿತರು. ಹಿಂದೆ ನಿಂತಿದ್ದ ನಾಲ್ಕು ಜನರೂ ಕಲಿತರು. ಬಿಲ್ ತಂದು, ಸರಿಯಾದ ದಿನದೊಳಗೆ ಬಂದು, ಮೆಲ್ಲಗೆ ಕೇಳಿ, ಇಲ್ಲ ಅಂದಾಗ ಸರಿ ಎಂದು ಹೋದವರು ಮೂರ್ಖರಾದರು. ಒಳ್ಳೆಯ ಗಿರಾಕಿಗೆ ಮಾಡುವ ಅನ್ಯಾಯ ಇದು, ನನಗೆ ಇದರ ಬಗ್ಗೆ ನಿಜಕ್ಕೂ ಸಿಟ್ಟಿದೆ. ಮ್ಯಾನೇಜರ್ ವಿನಾಯಿತಿ ಕೊಡಬಾರದು ಅಂತ ನಾನು ಹೇಳುತ್ತಿಲ್ಲ. ಕೊಡಲಿ. ಆದರೆ ಮೊದಲು ‘ಇವರು ಹೇಳಿದ್ದು ಸರಿ, ನಮ್ಮ ನಿಯಮ ಅದೇ’ ಎಂದು ನಿಮ್ಮ ಮಾತನ್ನು ಎತ್ತಿ ಹಿಡಿದು, ಆಮೇಲೆ ‘ಈ ಸಲಕ್ಕೆ ಮಾತ್ರ ಇಷ್ಟು ಮಾಡಬಹುದು’ ಅನ್ನಲಿ. ಅಥವಾ ಆ ವಿನಾಯಿತಿ ಕೊಡುವ ಅಧಿಕಾರವನ್ನೇ ನಿಮಗೆ ಕೊಡಲಿ. ಇಷ್ಟು ಮೊತ್ತದವರೆಗೆ ನೀವೇ ತೀರ್ಮಾನ ಮಾಡಬಹುದು ಅಂತ ಇದ್ದ ಕಡೆ ಅರ್ಧ ಜಗಳ ಕೌಂಟರ್‌ನಲ್ಲೇ ಮುಗಿಯುತ್ತದೆ.

ಗಿರಾಕಿ ಯಾವಾಗಲೂ ಸರಿ ಅನ್ನುವ ಮಾತನ್ನು ನಿಮ್ಮ ಮ್ಯಾನೇಜರ್ ತೆಗೆಯುತ್ತಾರೆ ಅಂತ ಗೊತ್ತು, ಎಲ್ಲರೂ ತೆಗೆಯುತ್ತಾರೆ. ಆ ಮಾತು ಓಡಾಡಲು ಶುರುವಾಗಿದ್ದು 20ನೇ ಶತಮಾನದ ಆರಂಭದಲ್ಲಿ. ಷಿಕಾಗೋದ ಮಾರ್ಷಲ್ ಫೀಲ್ಡ್, ಲಂಡನ್ನಿನಲ್ಲಿ 1909ರಲ್ಲಿ ಅಂಗಡಿ ತೆರೆದ ಹ್ಯಾರಿ ಗಾರ್ಡನ್ ಸೆಲ್ಫ್ರಿಜ್ ಇಂಥ ದೊಡ್ಡ ವ್ಯಾಪಾರಿಗಳ ಹೆಸರಿನ ಜೊತೆ ಅದನ್ನು ಸೇರಿಸುತ್ತಾರೆ. ಕೊಂಡ ಮೇಲೆ ವಸ್ತು ಕೆಟ್ಟಿದ್ದರೆ ಅದು ಕೊಂಡವರ ಹಣೆಬರಹ ಎಂದು ವ್ಯಾಪಾರ ನಡೆಯುತ್ತಿದ್ದ ಕಾಲ ಅದು. ದೂರು ತಂದವರನ್ನು ಕಳ್ಳರ ಹಾಗೆ ನೋಡಬೇಡಿ, ಮೊದಲು ನಂಬಿ ಅನ್ನುವುದು ಆಗ ದೊಡ್ಡ ಬದಲಾವಣೆಯೇ. ಅದು ವಸ್ತುವಿನ ಬಗ್ಗೆ, ದೂರಿನ ಬಗ್ಗೆ ಆಡಿದ ಮಾತು. ಕೆಲಸಗಾರರನ್ನು ಬೈಯಲು ಕೊಟ್ಟ ಲೈಸೆನ್ಸ್ ಆಗಿರಲಿಲ್ಲ.

ಹಾಗಾದರೆ ಮ್ಯಾನೇಜರ್ ಹತ್ತಿರ ಮಾತಾಡುವುದು ಹೇಗೆ? ಜಗಳ ಆದ ದಿನ ಬೇಡ. ಅಳು ಬರುತ್ತಿರುವಾಗ ಬೇಡ. ಎರಡು ಮೂರು ವಾರ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ದಿನ, ಹೊತ್ತು, ಏನಾಯ್ತು, ಯಾವ ನಿಯಮದ ಬಗ್ಗೆ, ಎಷ್ಟು ನಿಮಿಷ ಹಿಡಿಯಿತು, ಹಿಂದೆ ಎಷ್ಟು ಜನ ಕಾಯುತ್ತಿದ್ದರು, ಕೊನೆಗೆ ಏನು ಕೊಟ್ಟಿರಿ. ಅಷ್ಟೇ, ನಿಮ್ಮ ಭಾವನೆ ಬರೆಯುವುದು ಬೇಡ. ಜೊತೆಯವರೂ ಬರೆದರೆ ಇನ್ನೂ ಒಳ್ಳೆಯದು. ಇಂಥ ಪುಸ್ತಕ ನೋಡಿದರೆ ಜಗಳಗಳು ಸುಮ್ನೆ ಎಲ್ಲೆಂದರಲ್ಲಿ ಹುಟ್ಟುವುದಿಲ್ಲ ಅಂತ ಗೊತ್ತಾಗುತ್ತದೆ. ಒಂದೇ ರಿಟರ್ನ್ ನಿಯಮದ ಬಗ್ಗೆ ಮತ್ತೆ ಮತ್ತೆ ಆಗಿರುತ್ತದೆ. ಬೋರ್ಡ್‌ನಲ್ಲಿ ಇರುವ ರೇಟಿಗೂ ಬಿಲ್‌ನಲ್ಲಿ ಬರುವ ರೇಟಿಗೂ ವ್ಯತ್ಯಾಸ ಇರುತ್ತದೆ. ಆಫರ್ ಮುಗಿದರೂ ಚೀಟಿ ತೆಗೆದಿರುವುದಿಲ್ಲ. ಸಂಜೆ ಹೊತ್ತು ಒಂದೇ ಕೌಂಟರ್ ತೆರೆದಿರುತ್ತದೆ. ಅಂಗಡಿ ಮಾಡಿದ ಎಡವಟ್ಟಿಗೆ ಕೌಂಟರ್‌ನಲ್ಲಿ ನಿಂತವರು ಬೈಗುಳ ತಿನ್ನುತ್ತಿರುತ್ತಾರೆ. ಇದನ್ನು ಲೆಕ್ಕದ ಸಮೇತ ತೋರಿಸಿದರೆ ಮ್ಯಾನೇಜರ್‌ಗೂ ತಪ್ಪಿಸಿಕೊಳ್ಳುವುದು ಕಷ್ಟ. ನಿಮಗೆ ಬೇಕಾದ್ದನ್ನು ಒಂದೇ ಕೇಳಿ: ‘ನಾನು ಇಲ್ಲ ಅಂದಿದ್ದನ್ನು ನೀವು ಬದಲಾಯಿಸೋದಾದ್ರೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿ, ನಾನೇ ಗಿರಾಕಿಗೆ ಹೇಳ್ತೀನಿ.’ ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಇದನ್ನು ಓದುತ್ತಿರುವ ಗಿರಾಕಿಗಳಿಗೂ ಒಂದು ಮಾತು ಹೇಳಿಬಿಡುತ್ತೇನೆ. ಕೌಂಟರ್‌ನಲ್ಲಿ ಇರುವವರು ರೇಟ್ ಇಡುವುದಿಲ್ಲ, ಸ್ಟಾಕ್ ತರಿಸುವುದಿಲ್ಲ, ನಿಯಮ ಬರೆಯುವುದಿಲ್ಲ. ‘ಒಳಗೆ ಹೋಗಿ ನೋಡಿ, ಇದ್ದೇ ಇರುತ್ತೆ’ ಅಂದಾಗ ಅವರು ಬಚ್ಚಿಟ್ಟುಕೊಂಡಿರುವುದಿಲ್ಲ. ಬಾಗಿಲು ಹಾಕಲು ಐದು ನಿಮಿಷ ಇರುವಾಗ ಬಂದು ಹತ್ತು ಜೊತೆ ಬಟ್ಟೆ ಬಿಚ್ಚಿಸಿ ಟ್ರಯಲ್ ರೂಮಿನ ನೆಲದ ಮೇಲೆ ಬಿಟ್ಟು ಹೋಗುತ್ತೀರಲ್ಲ, ಶಟರ್ ಎಳೆದ ಮೇಲೆ ಅವನ್ನೆಲ್ಲ ತಿರುವಿ, ಗುಂಡಿ ಹಾಕಿ, ಮಡಚಿ, ಸೈಜ್ ಪ್ರಕಾರ ಜೋಡಿಸಿ, ಆಮೇಲೆ ಗಲ್ಲಾ ಲೆಕ್ಕ ಹಾಕಿ ಅವರು ಮನೆಗೆ ಹೋಗಬೇಕು. ಕೊನೇ ಬಸ್ಸು ಅವರಿಗಾಗಿ ಕಾಯುವುದಿಲ್ಲ. ಕಣ್ಣು ನೋಡಿ ಮಾತಾಡುವುದು, ಫೋನ್ ಒಂದು ನಿಮಿಷ ಇಳಿಸುವುದು, ತೆಗೆದದ್ದನ್ನು ಇದ್ದ ಜಾಗಕ್ಕೆ ಇಡುವುದು, ಏಕವಚನದಲ್ಲಿ ಕರೆಯದೇ ಇರುವುದು. ಇಷ್ಟು ಮಾಡಿದರೆ ಆ ದಿನದ ಭಾರ ಎಷ್ಟೋ ಇಳಿಯುತ್ತದೆ.

ಇನ್ನು ನಗುವಿನ ವಿಷಯ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹೊಕ್‌ಶೀಲ್ಡ್ ವಿಮಾನದ ಗಗನಸಖಿಯರ ಕೆಲಸವನ್ನು ಹತ್ತಿರದಿಂದ ನೋಡಿ 1983ರಲ್ಲಿ ಒಂದು ವಿಷಯವನ್ನು ಮುಂದಿಟ್ಟರು. ಒಳಗೆ ಒಂದು ಇದ್ದು ಹೊರಗೆ ಇನ್ನೊಂದು ತೋರಿಸುವುದೂ ದುಡಿಮೆಯೇ, ಮೈ ದುಡಿಸಿದ ಹಾಗೆ ಮನಸ್ಸನ್ನೂ ದುಡಿಸಿದಂತೆ. ಮುಖದ ಮೇಲಷ್ಟೇ ನಗು ಅಂಟಿಸಿಕೊಳ್ಳುವವರು ಹೆಚ್ಚು ದಣಿಯುತ್ತಾರೆ ಎಂದು ಆಮೇಲೆ ಬಂದ ಅನೇಕ ಅಧ್ಯಯನಗಳೂ ಹೇಳುತ್ತವೆ. ಹಾಗಾಗಿ ಬೈಯುತ್ತಿರುವವರ ಎದುರು ನಗಬೇಡಿ. ನಿಯಮ ಇದ್ದರೂ ಬೇಡ. ಆ ಹೊತ್ತಲ್ಲಿ ನಕ್ಕರೆ ಗಿರಾಕಿಗೂ ಅಣಕಿಸಿದ ಹಾಗೆ ಕಾಣುತ್ತದೆ. ಶಾಂತವಾದ, ಗಮನ ಕೊಡುವ ಮುಖ ಸಾಕು. ನಗುವನ್ನು ನಿಮ್ಮ ಹತ್ತಿರ ಸರಿಯಾಗಿ ಮಾತಾಡುವವರಿಗೆ ಇಟ್ಟುಕೊಳ್ಳಿ, ಅಂಥವರು ದಿನಕ್ಕೆ ಎಷ್ಟೋ ಜನ ಬರುತ್ತಾರೆ. ಬೈದ ಒಬ್ಬರು ನೆನಪಲ್ಲಿ ಉಳಿದು ಥ್ಯಾಂಕ್ಸ್ ಹೇಳಿದ ಎಷ್ಟೋ ಜನ ಮರೆತುಹೋಗುತ್ತಾರೆ, ಅದೂ ತಲೆಯ ಸ್ವಭಾವವೇ.

ಮನೆಗೆ ಬರುವ ಮಾತನ್ನು ಬಾಗಿಲಲ್ಲೇ ತಡೆಯಲು ಆಗುವುದಿಲ್ಲ, ದಾರಿಯಲ್ಲೇ ಸ್ವಲ್ಪ ಇಳಿಸಬೇಕು. ಶಿಫ್ಟ್ ಮುಗಿದ ಮೇಲೆ ಜೊತೆಯವರೊಬ್ಬರ ಹತ್ತಿರ ನಡೆದದ್ದನ್ನು ಹೇಳಿಕೊಳ್ಳಿ, ಆದರೆ ಒಂದೇ ಸಲ. ಹತ್ತು ಜನರಿಗೆ ಹತ್ತು ಸಲ ಹೇಳಿದರೆ ಗಾಯ ಒಣಗುವುದಿಲ್ಲ, ಸಿಟ್ಟು ಮತ್ತೆ ಮತ್ತೆ ಹೊಸದಾಗುತ್ತದೆ. ಸಾಧ್ಯವಿದ್ದರೆ ಯೂನಿಫಾರ್ಮ್ ಅಲ್ಲೇ ಬದಲಾಯಿಸಿ, ಒಂದು ಸ್ಟಾಪ್ ಮೊದಲೇ ಇಳಿದು ನಡೆಯಿರಿ. ಮನೆಯವರಿಗೆ ಮೊದಲೇ ಹೇಳಿಡಿ: ‘ಬಂದ ಕೂಡಲೇ ಅರ್ಧ ಗಂಟೆ ಏನೂ ಕೇಳಬೇಡಿ, ಆಮೇಲೆ ನಾನೇ ಹೇಳ್ತೀನಿ.’ ರೇಗಿದ ಮೇಲೆ ಕ್ಷಮೆ ಕೇಳುವುದಕ್ಕಿಂತ ಇದು ಸುಲಭ. ರಾತ್ರಿ ಆ ಮಾತು ಮತ್ತೆ ಬಂದಾಗ ಅದನ್ನು ನೋಟ್‌ಬುಕ್‌ನಲ್ಲಿ ಬರೆದಾಗಿದೆಯಾ ನೋಡಿ. ಬರೆದಿದ್ದರೆ ತಲೆ ಅದನ್ನು ಹೊತ್ತುಕೊಂಡು ತಿರುಗುವ ಅಗತ್ಯ ಅಷ್ಟು ಇರುವುದಿಲ್ಲ.

ಕೌಂಟರ್‌ನಲ್ಲಿ ಜೊತೆಯವರು ಸಿಕ್ಕಿಹಾಕಿಕೊಂಡಾಗ ನೀವು ಪಕ್ಕಕ್ಕೆ ಹೋಗಿ ನಿಲ್ಲಿ. ಮಾತಾಡಬೇಕಿಲ್ಲ. ಏನೋ ಫೈಲ್ ಹುಡುಕುವ ನೆಪದಲ್ಲಿ ನಿಂತರೂ ಸಾಕು. ಕೂಗುವವರಿಗೆ ಒಬ್ಬರ ಮೇಲೆ ಕೂಗುವುದು ಸುಲಭ, ಇಬ್ಬರ ಎದುರು ದನಿ ತಾನಾಗಿ ಇಳಿಯುತ್ತದೆ. ಅವರಿಗೆ ನೀವು ನಿಂತರೆ ನಾಳೆ ನಿಮಗೆ ಅವರು ನಿಲ್ಲುತ್ತಾರೆ. ಮ್ಯಾನೇಜರ್ ಬದಲಾಗುವವರೆಗೆ ಕಾಯದೆ ನಾಳೆಯೇ ಶುರು ಮಾಡಬಹುದಾದದ್ದು ಇದು.

ಇದೆಲ್ಲ ಬರೀ ನಮ್ಮ ನಿಮ್ಮ ಗೊಣಗಾಟ ಅಂದುಕೊಳ್ಳಬೇಡಿ, ಕಾನೂನುಗಳೂ ಬರುತ್ತಿವೆ. ದಕ್ಷಿಣ ಕೊರಿಯಾ 2018ರಲ್ಲಿ ಕಾರ್ಮಿಕರ ಸುರಕ್ಷತೆಯ ಕಾಯ್ದೆಗೆ ತಿದ್ದುಪಡಿ ತಂದಿತು. ಗಿರಾಕಿ ಬೈಗುಳಕ್ಕೆ ಇಳಿದರೆ ಕೆಲಸಗಾರರನ್ನು ಆ ಜಾಗದಿಂದ ಬಿಡಿಸುವುದು, ಕೆಲಸ ನಿಲ್ಲಿಸುವುದು ಅಲ್ಲಿ ಮಾಲೀಕರ ಹೊಣೆ. ಕಾರ್ಮಿಕರು ಅದನ್ನು ಕೇಳಿದ್ದಕ್ಕೆ ಅವರನ್ನು ಶಿಕ್ಷಿಸುವಂತಿಲ್ಲ. ಸ್ಕಾಟ್ಲೆಂಡಿನಲ್ಲಿ ಅಂಗಡಿ ಕೆಲಸಗಾರರ ಮೇಲೆ ಹಲ್ಲೆ, ಬೆದರಿಕೆ, ನಿಂದನೆ 2021ರಿಂದ ಪ್ರತ್ಯೇಕ ಅಪರಾಧ. ಗಿರಾಕಿಗಳ ಕಿರುಕುಳ ತಡೆಯಲೆಂದೇ ಟೋಕಿಯೋ ಮಾಡಿದ ನಿಯಮ 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲಿ ಒಪ್ಪಿದ 190ನೇ ಒಡಂಬಡಿಕೆಯೂ ಕೆಲಸದ ಜಾಗದ ಕಿರುಕುಳದಲ್ಲಿ ಹೊರಗಿನವರಿಂದ ಬರುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅನ್ನುತ್ತದೆ. ಎಲ್ಲ ಕಡೆ ಇಂಥ ರಕ್ಷಣೆ ಇಲ್ಲ, ನಿಜ. ಆದರೂ ಮ್ಯಾನೇಜರ್ ‘ಈ ಕೆಲಸ ಅಂದ್ರೆ ಇದೆಲ್ಲ ಇರೋದೇ’ ಅಂದಾಗ, ಇರಲೇಬೇಕಿಲ್ಲ ಎಂದು ಹೇಳಲು ನಿಮ್ಮ ಹತ್ತಿರ ಆಧಾರ ಇದೆ.

ಕೊನೆಗೆ ಕೆಲಸ ಬಿಡುವ ಪ್ರಶ್ನೆ. ಒಬ್ಬ ಗಿರಾಕಿಯಿಂದಾಗಿ ಬಿಡಬೇಡಿ. ಮ್ಯಾನೇಜರ್ ಹತ್ತಿರ ಲೆಕ್ಕ ಇಟ್ಟು ಮಾತಾಡಿ, ಒಂದೆರಡು ತಿಂಗಳು ನೋಡಿ. ಗೆರೆ ದಾಟಿದವರನ್ನು ಅವರು ತಡೆದರಾ, ಒಂದು ಸಲವಾದರೂ ನಿಮ್ಮ ಮಾತನ್ನು ಎತ್ತಿ ಹಿಡಿದರಾ, ಗಮನಿಸಿ. ಸ್ವಲ್ಪವಾದರೂ ಬದಲಾವಣೆ ಕಂಡರೆ ಅಲ್ಲಿ ಉಳಿಯಲು ಅರ್ಥವಿದೆ. ಏನೂ ಬದಲಾಗದೆ, ಬೆಳಗ್ಗೆ ಎದ್ದ ಕೂಡಲೇ ಹೊಟ್ಟೆ ತೊಳಸುವುದು, ನಿದ್ದೆ ಕೆಡುವುದು, ಒಳ್ಳೆಯ ಗಿರಾಕಿ ಬಂದರೂ ಸಿಟ್ಟು ಬರುವುದು ವಾರಗಟ್ಟಲೆ ನಡೆದರೆ ಆಪ್ತ ಸಮಾಲೋಚಕರನ್ನೋ ಡಾಕ್ಟರನ್ನೋ ಕಾಣಿ, ಬೇರೆ ಕೆಲಸ ಹುಡುಕಲು ಶುರು ಮಾಡಿ. ಮುಂದಿನ ಕಡೆ ಇಂಟರ್‌ವ್ಯೂಗೆ ಹೋದಾಗ ಸಂಬಳ, ರಜೆ ಕೇಳಿದ ಹಾಗೆ ಇದನ್ನೂ ಕೇಳಿ: ‘ಗಿರಾಕಿ ಬೈದ್ರೆ ಇಲ್ಲಿ ಏನು ಮಾಡ್ತೀರಿ?’ ಉತ್ತರ ಕೊಡಲು ಅವರು ತಡಬಡಿಸಿದರೆ, ಆ ಪ್ರಶ್ನೆಯನ್ನು ಅಲ್ಲಿ ಈ ತನಕ ಯಾರೂ ಯೋಚಿಸಿಲ್ಲ ಅಂತ ಅರ್ಥ.